ವಾಣಿಜ್ಯ ವಿದ್ಯೆಯ ಕವಲುಗಳೂ ಉದ್ಯೋಗದ ಆಯ್ಕೆಯೂ: ಒಂದು ಚಾರಿತ್ರಿಕ ವಿವೇಚನೆ

ಪ್ರತಿವರ್ಷವೂ ಕಾಲೇಜುಗಳಲ್ಲಿ ಪ್ರವೇಶದ ಕಾಲ ಬಂದಿತೆಂದರೆ ವಾಣಿಜ್ಯ ವಿಭಾಗದ ಅಧ್ಯಾಪಕರು ಒಂದೇ ಪ್ರಶ್ನೆಯನ್ನು ನಾನಾ ರೂಪಗಳಲ್ಲಿ ಎದುರಿಸಬೇಕಾಗುತ್ತದೆ. ಬಿ.ಕಾಂ. ಪದವಿಗೆ ಸೇರುವುದು ಮೇಲೋ, ವ್ಯವಹಾರ ನಿರ್ವಹಣೆಯ ಪದವಿಗೆ ಸೇರುವುದು ಮೇಲೋ? ಪದವಿಯ ಜೊತೆಯಲ್ಲಿಯೇ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೆ ಕಟ್ಟಬೇಕೋ, ವೆಚ್ಚ ಲೆಕ್ಕಶಾಸ್ತ್ರವನ್ನು ಹಿಡಿಯಬೇಕೋ, ಕಂಪನಿ ಕಾರ್ಯದರ್ಶಿಯಾಗಲು ಹವಣಿಸಬೇಕೋ? ಹೀಗೆ ಕೇಳುವವರ ಮನಸ್ಸಿನಲ್ಲಿರುವುದು ವಿದ್ಯೆಯ ಸ್ವರೂಪವಲ್ಲ. ಮುಂದೆ ಕೆಲಸ ದೊರೆಯುವ ಸಂಭವ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ತಂದೆಯ ಜಮೀನಿನ ಮೇಲೆ ಸಾಲವಿರುವ ಮನೆಯಿಂದ ಬಂದ ವಿದ್ಯಾರ್ಥಿ ಬೇರೆ ಯಾವುದನ್ನು ಕೇಳಿಯಾನು? ಅಧ್ಯಾಪಕರು ಸಾಮಾನ್ಯವಾಗಿ ಕೊಡುವ ಉತ್ತರ, ಆಸಕ್ತಿಯಿರುವ ವಿಷಯವನ್ನು ಆರಿಸಿಕೊಳ್ಳಬೇಕೆಂಬುದು. ಉತ್ತರವೇನೋ ಸಭ್ಯವಾದದ್ದೇ. ಆದರೆ ಈ ಕವಲುಗಳಲ್ಲಿ ಮೊದಲ ಭಾಗದ ಪಾಠವೆಲ್ಲ ಹೆಚ್ಚು ಕಡಿಮೆ ಒಂದೇ ಆಗಿರುವಾಗ, ಜಮಾಖರ್ಚಿನ ಮೊದಲ ಪುಟವನ್ನೂ ತೆರೆಯದ ಹದಿನೇಳು ಹದಿನೆಂಟರ ವಯಸ್ಸಿನವರಿಗೆ ಆಸಕ್ತಿಯ ಭೇದವು ತಿಳಿಯುವುದಾದರೂ ಹೇಗೆ?

ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಈ ಕವಲುಗಳನ್ನು ಬೇರೆಬೇರೆ ಮಾಡಿದುದು ಜ್ಞಾನದ ಭೇದಕ್ಕಿಂತ ಹೆಚ್ಚಾಗಿ ಕಾಯಿದೆಯ ಭೇದವೆಂಬುದು ಗೋಚರವಾಗುತ್ತದೆ. ಯಾವ ಕಾಗದದ ಕೆಳಗೆ ಯಾರ ರುಜು ಇರಬೇಕೆಂದು ಸರ್ಕಾರವು ಗೊತ್ತುಪಡಿಸಿತೋ ಆ ರುಜುವಿನ ಸುತ್ತ ಒಂದು ವೃತ್ತಿ ಬೆಳೆಯಿತು. ವೃತ್ತಿಯ ಸುತ್ತ ಪರೀಕ್ಷೆ, ಪರೀಕ್ಷೆಯ ಸುತ್ತ ಪಾಠಪಟ್ಟಿ ಬೆಳೆದವು. ನಮ್ಮ ದೇಶದಲ್ಲಿ ಇದು ನಡೆದ ಬಗೆಯನ್ನು ತಕ್ಕಮಟ್ಟಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೆಕ್ಕ ಬರೆಯುವ ವಿದ್ಯೆ ನಮಗೆ ಹೊಸದಲ್ಲ. ಕಿರ್ದಿ, ಖಾತೆಗಳನ್ನು ಬರೆಯುವ ಕ್ರಮವನ್ನು ವರ್ತಕರ ಮಕ್ಕಳು ಅಂಗಡಿಯ ಗಾದಿಯ ಪಕ್ಕದಲ್ಲಿ ಕುಳಿತೇ ಕಲಿಯುತ್ತಿದ್ದರು. ಅದಕ್ಕೆ ಶಾಲೆಯೂ ಬೇಕಿರಲಿಲ್ಲ, ಪ್ರಮಾಣಪತ್ರವೂ ಬೇಕಿರಲಿಲ್ಲ; ಬರೆದವನು ಯಾರ ಮಗನೆಂಬುದೇ ಪ್ರಮಾಣ. ಮದರಾಸಿನ ಪಚ್ಚಯ್ಯಪ್ಪ ಧರ್ಮಸಂಸ್ಥೆಯವರು 1886ರಲ್ಲಿ ವಾಣಿಜ್ಯ ಶಾಲೆಯನ್ನು ತೆರೆದಾಗ ಅದರ ಗುರಿ ಬೇರೆಯಾಗಿದ್ದಿತು. ಯುರೋಪಿಯನ್ ಕಂಪನಿಗಳ ಕಛೇರಿಗಳಿಗೂ ಸರ್ಕಾರಕ್ಕೂ ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ, ಲೆಕ್ಕವಿಡಬಲ್ಲ ಗುಮಾಸ್ತರು ಬೇಕಾಗಿದ್ದರು. ವಾಣಿಜ್ಯ ವಿದ್ಯೆ ಎಂದರೆ ಗುಮಾಸ್ತೆಯ ವಿದ್ಯೆ ಎಂಬ ಭಾವನೆ ಅಂದು ಹುಟ್ಟಿದ್ದು ಇಂದಿಗೂ ಪೂರ್ಣವಾಗಿ ಅಳಿದಿಲ್ಲ.

ಈ ಸ್ಥಿತಿಯನ್ನು ಮಾರ್ಪಡಿಸಿದುದು 1913ರ ಭಾರತೀಯ ಕಂಪನಿ ಕಾಯಿದೆ. ಅದಕ್ಕೆ ಹಿಂದೆಯೂ ಕೂಡುಬಂಡವಾಳದ ಕಂಪನಿಗಳ ಲೆಕ್ಕವನ್ನು ತನಿಖೆ ಮಾಡುವವರು ಇದ್ದರು. ಆದರೆ ತನಿಖೆ ಮಾಡುವವನಿಗೆ ಇಂಥದೇ ಯೋಗ್ಯತೆ ಇರಬೇಕೆಂಬ ನಿಯಮವಿರಲಿಲ್ಲ. 1913ರ ಕಾಯಿದೆಯು, ಸರ್ಕಾರದಿಂದ ಪ್ರಮಾಣಪತ್ರ ಪಡೆದವರು ಮಾತ್ರ ಕಂಪನಿಯ ಲೆಕ್ಕಪರಿಶೋಧಕರಾಗಬಹುದೆಂದು ವಿಧಿಸಿತು. ಪ್ರಮಾಣಪತ್ರಗಳಲ್ಲಿ ಎರಡು ತರಗತಿಗಳಿದ್ದವು. ನಿರ್ಬಂಧವಿಲ್ಲದ ಪತ್ರವನ್ನು ಪಡೆದವರು ಬ್ರಿಟಿಷ್ ಇಂಡಿಯಾದಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದಾಗಿತ್ತು. ನಿರ್ಬಂಧಿತ ಪತ್ರವುಳ್ಳವರು ತಮ್ಮ ಪ್ರಾಂತದೊಳಗೆ, ಪತ್ರದಲ್ಲಿ ಹೆಸರಿಸಿದ ಭಾಷೆಯ ಲೆಕ್ಕಗಳನ್ನು ಮಾತ್ರ ನೋಡಬಹುದಾಗಿತ್ತು. ಇಂಗ್ಲೆಂಡಿನ ಮಾನ್ಯ ಸಂಸ್ಥೆಗಳ ಸದಸ್ಯರಿಗಂತೂ ಇಲ್ಲಿ ಬೇರೆ ಪರೀಕ್ಷೆಯೇ ಬೇಕಿರಲಿಲ್ಲ. ದೇಶಭಾಷೆಯ ಲೆಕ್ಕ ಬಲ್ಲವನು ಪ್ರಾಂತದ ಗಡಿಯೊಳಗೆ, ಇಂಗ್ಲಿಷ್ ಲೆಕ್ಕ ಬಲ್ಲವನು ದೇಶದಲ್ಲೆಲ್ಲ ಎಂಬ ಈ ತಾರತಮ್ಯವು ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಕಾಯಿದೆಯೇ ತಂದಿಟ್ಟ ಮೊದಲ ಕವಲುದಾರಿಯೆನ್ನಬಹುದು.

ಅದೇ 1913ರಲ್ಲಿ ಮುಂಬಯಿಯಲ್ಲಿ ಸಿಡನ್‌ಹ್ಯಾಂ ವಾಣಿಜ್ಯ ಕಾಲೇಜು ಆರಂಭವಾಯಿತು. ಕಾಯಿದೆಯೂ ಕಾಲೇಜೂ ಒಂದೇ ವರ್ಷದಲ್ಲಿ ಬಂದುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮುಂಬಯಿಯ ಲೆಕ್ಕಪರಿಶೋಧಕ ಕೆ. ಎಸ್. ಅಯ್ಯರ್ ಅವರು ಈ ಕಾಲೇಜಿನ ಸ್ಥಾಪನೆಗೆ ದುಡಿದವರಲ್ಲಿ ಪ್ರಮುಖರು. (ಡಾ. ಬಿ. ಆರ್. ಅಂಬೇಡ್ಕರ್ ಅವರು 1918ರಿಂದ 1920ರ ವರೆಗೆ ಇಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.) 1918ರಲ್ಲಿ ಮುಂಬಯಿಯಲ್ಲಿ ಜಿ.ಡಿ.ಎ. ಎಂಬ ಸರ್ಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾ ಏರ್ಪಟ್ಟಿತು. ಡಿಪ್ಲೊಮಾದೊಂದಿಗೆ, ಮಾನ್ಯತೆ ಪಡೆದ ಲೆಕ್ಕಿಗರ ಕೈಕೆಳಗೆ ಮೂರು ವರ್ಷ ಆರ್ಟಿಕಲ್ ಗುಮಾಸ್ತನಾಗಿ ದುಡಿದವನಿಗೆ ನಿರ್ಬಂಧವಿಲ್ಲದ ಪ್ರಮಾಣಪತ್ರ ದೊರೆಯುವಂತಾಯಿತು. ಕಾಯಿದೆ ಹುಟ್ಟಿದ ಐದು ವರ್ಷಗಳಿಗೆ ವಿದ್ಯೆಯ ದಾರಿ ಸಿದ್ಧವಾಯಿತೆಂದು ಅರ್ಥ.

ದಾರಿ ಸಿದ್ಧವಾದುದು ಎಲ್ಲರಿಗಲ್ಲ. ಆರ್ಟಿಕಲ್ ಗುಮಾಸ್ತನಿಗೆ ಸಂಬಳವಿರಲಿಲ್ಲ. ಬದಲಾಗಿ ಗುರುವಿಗೇ ಪ್ರೀಮಿಯಂ ಎಂಬ ಹೆಸರಿನಲ್ಲಿ ಹಣವನ್ನು ಒಪ್ಪಿಸುವ ರೂಢಿ ಇಂಗ್ಲೆಂಡಿನಿಂದ ಬಂದು ಇಲ್ಲಿಯೂ ಬಹುಕಾಲ ನಿಂತಿತು. ಊರು ಬಿಟ್ಟು ಮುಂಬಯಿಯಲ್ಲೋ ಮದರಾಸಿನಲ್ಲೋ ಮೂರು ವರ್ಷ ತನ್ನ ಖರ್ಚಿನಲ್ಲೇ ಇರಬಲ್ಲವನಿಗೆ ಮಾತ್ರ ಆ ರುಜುವಿನ ಹಕ್ಕು ಕೈಗೆ ಸಿಕ್ಕುತ್ತಿತ್ತು. ಇಂಥ ದಿನಗಳಲ್ಲಿ, 1933ರಲ್ಲಿ, ಮದರಾಸಿನ ಆರ್. ಶಿವಭೋಗಂ ಅವರು ಜಿ.ಡಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈ ವೃತ್ತಿಗೆ ಬಂದ ಮೊದಲ ಭಾರತೀಯ ಮಹಿಳೆಯಾದರು. ಅದರ ಹಿಂದಿನ ವರ್ಷ, 1932ರಲ್ಲಿ, ಲೆಕ್ಕಪರಿಶೋಧಕರ ನಿಯಮಗಳು ಜಾರಿಗೆ ಬಂದು, ಭಾರತ ಸರ್ಕಾರವೇ ನೋಂದಣಿ ಪುಸ್ತಕವನ್ನು ಇಟ್ಟು, ಅದರಲ್ಲಿ ಹೆಸರುಳ್ಳವರನ್ನು ರಿಜಿಸ್ಟರ್ಡ್ ಅಕೌಂಟೆಂಟ್ ಎಂದು ಕರೆಯುವ ಪದ್ಧತಿ ಆರಂಭವಾಗಿತ್ತು. ಸ್ವಾತಂತ್ರ್ಯಾನಂತರ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯು ಜುಲೈ 1ರಿಂದ ಜಾರಿಗೆ ಬಂದು, ಸರ್ಕಾರದ ಕೈಯಲ್ಲಿದ್ದ ಈ ಅಧಿಕಾರವನ್ನು ವೃತ್ತಿಯವರದೇ ಆದ ಸಂಸ್ಥೆಗೆ ವಹಿಸಿತು. ಅಂದು ಸದಸ್ಯರಾಗಿದ್ದವರು ಸುಮಾರು 1,700 ಮಂದಿ. ಇಂದು ಆ ಸಂಖ್ಯೆ ನಾಲ್ಕು ಲಕ್ಷವನ್ನು ಮೀರಿದೆ.

ವೆಚ್ಚ ಲೆಕ್ಕಶಾಸ್ತ್ರದ ಚರಿತ್ರೆ ಇದಕ್ಕೆ ತಲೆಕೆಳಗಾದದ್ದು. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರವು ಕಾರ್ಖಾನೆಗಳಿಂದ ಅಪಾರ ಸಾಮಗ್ರಿಯನ್ನು ಕೊಳ್ಳುತ್ತಿತ್ತು. ತಯಾರಿಕೆಗೆ ತಗಲಿದ ವೆಚ್ಚದ ಮೇಲೆ ಇಂತಿಷ್ಟು ಲಾಭವೆಂದು ಬೆಲೆ ಕಟ್ಟುವ ಕರಾರುಗಳಲ್ಲಿ ನಿಜವಾದ ವೆಚ್ಚವೆಷ್ಟೆಂದು ಪರೀಕ್ಷಿಸಬಲ್ಲವರು ಬೇಕಾದರು. ಸಾಮಾನ್ಯ ಲೆಕ್ಕಪರಿಶೋಧಕನು ವರ್ಷದ ಕೊನೆಯಲ್ಲಿ ಒಟ್ಟು ಲಾಭನಷ್ಟವನ್ನು ನೋಡುತ್ತಾನೆ. ಒಂದು ಚೀಲ ಸಿಮೆಂಟಿಗೆ ಎಷ್ಟು ಕಲ್ಲಿದ್ದಲು, ಎಷ್ಟು ಕೂಲಿ ಬಿತ್ತೆಂಬುದು ಅವನ ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಈ ಕೊರತೆಯನ್ನು ತುಂಬಲು 1944ರಲ್ಲಿ ಕಲ್ಕತ್ತೆಯಲ್ಲಿ ವೆಚ್ಚ ಲೆಕ್ಕಿಗರ ಸಂಸ್ಥೆ ಹುಟ್ಟಿತು. ಅದಕ್ಕೆ ಪ್ರತ್ಯೇಕ ಕಾಯಿದೆಯ ಆಧಾರ ದೊರೆತುದು 1959ರಲ್ಲಿ. ಕೆಲವು ಕೈಗಾರಿಕೆಗಳಲ್ಲಿ ವೆಚ್ಚದ ಲೆಕ್ಕವನ್ನು ಕಡ್ಡಾಯವಾಗಿ ಇಡಿಸಿ, ಅದನ್ನು ಪರಿಶೋಧನೆ ಮಾಡಿಸಲು ಸರ್ಕಾರಕ್ಕೆ ಅಧಿಕಾರ ಬಂದುದು 1965ರಲ್ಲಿ ಕಂಪನಿ ಕಾಯಿದೆಗೆ ಆದ ತಿದ್ದುಪಡಿಯಿಂದ. ಅಂದರೆ ಇಲ್ಲಿ ವಿದ್ಯೆ ಮೊದಲು ಬಂದು, ರುಜುವಿನ ಹಕ್ಕು ಇಪ್ಪತ್ತೊಂದು ವರ್ಷಗಳ ನಂತರ ಬಂದಿತು.

ಆ ಇಪ್ಪತ್ತೊಂದು ವರ್ಷಗಳಲ್ಲಿ ಈ ಪರೀಕ್ಷೆಗೆ ಕಟ್ಟಿದವರು ಯಾವ ಭರವಸೆಯಿಂದ ಕಟ್ಟಿದರು? ಇದರ ಉತ್ತರವು ನಮ್ಮ ಪ್ರಶ್ನೆಗೆ ಬಹಳ ಹತ್ತಿರವಾದುದು. ವೆಚ್ಚ ಲೆಕ್ಕದ ಪರೀಕ್ಷೆಗೆ ಆರ್ಟಿಕಲ್ ಗುಮಾಸ್ತೆಯ ಬಂಧನವಿರಲಿಲ್ಲ. ಗಿರಣಿಯಲ್ಲೋ ಕಾರ್ಖಾನೆಯಲ್ಲೋ ಕೆಲಸದಲ್ಲಿದ್ದುಕೊಂಡೇ, ಅಂಚೆಯ ಮೂಲಕ ಬರುವ ಪಾಠಗಳನ್ನು ರಾತ್ರಿ ಓದಿಕೊಂಡು ಪರೀಕ್ಷೆಗೆ ಕೂಡಬಹುದಾಗಿತ್ತು. ಸಂಬಳವನ್ನು ಬಿಡಲಾರದವನಿಗೆ ಇದು ತೆರೆದ ಬಾಗಿಲು. ಈ ಕವಲನ್ನು ಹಿಡಿಯಲು ಅನೇಕರಿಗೆ ಕಾರಣವಾದುದು ವೆಚ್ಚ ಲೆಕ್ಕದ ಮೇಲಣ ಒಲವಲ್ಲ, ಮನೆಯ ವೆಚ್ಚವೇ ಎಂದರೆ ಉತ್ಪ್ರೇಕ್ಷೆಯಾಗಲಾರದು. ಕವಲುಗಳ ಗುಣದೋಷವನ್ನು ತೂಗುವಾಗ ನಾವು ಪಾಠಪಟ್ಟಿಗಳನ್ನು ಹೋಲಿಸುತ್ತೇವೆಯೇ ಹೊರತು, ಕಲಿಯುವ ಕಾಲದಲ್ಲಿ ಹೊಟ್ಟೆಪಾಡು ಹೇಗೆಂಬುದನ್ನು ಹೋಲಿಸುವುದಿಲ್ಲ.

ಕಂಪನಿ ಕಾರ್ಯದರ್ಶಿಯ ವೃತ್ತಿಗೂ ವ್ಯವಹಾರ ನಿರ್ವಹಣೆಯ ಶಿಕ್ಷಣಕ್ಕೂ ಒಂದು ಸಮಾನ ಹಿನ್ನೆಲೆಯಿದೆ. ಅದು ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಯ ಕುಸಿತ. ಇಪ್ಪತ್ತನೆಯ ಶತಮಾನದ ಮಧ್ಯದ ವರೆಗೆ ನಮ್ಮ ದೊಡ್ಡ ಕಂಪನಿಗಳಲ್ಲಿ ಬಹುಭಾಗದ ಆಡಳಿತವು ಆ ಕಂಪನಿಗಳ ಕೈಯಲ್ಲೇ ಇರಲಿಲ್ಲ. ಕರಾರಿನ ಮೇಲೆ ಬೇರೊಂದು ಏಜೆನ್ಸಿ ಸಂಸ್ಥೆಯ ಕೈಯಲ್ಲಿರುತ್ತಿತ್ತು. ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯ ಆಡಳಿತ ಮದರಾಸಿನ ಬಿನ್ನಿ ಕಂಪನಿಯದಾಗಿದ್ದುದು ನಮ್ಮ ಸಮೀಪದ ನಿದರ್ಶನ. ಜನ ಅದನ್ನು ಬಿನ್ನಿ ಮಿಲ್ಲೆಂದೇ ಕರೆದರು. ಇಂಥ ವ್ಯವಸ್ಥೆಯಲ್ಲಿ ವ್ಯವಸ್ಥಾಪಕರು ಏಜೆನ್ಸಿಯ ಮನೆತನದಿಂದ ಇಲ್ಲವೆ ಅದರ ನಂಬಿಕೆಯವರಿಂದ ಬರುತ್ತಿದ್ದರು. ಪದವಿ ಪಡೆದ ಹೊರಗಿನವನಿಗೆ ಅಲ್ಲಿ ಎಡೆ ಕಡಿಮೆ. 1956ರ ಕಂಪನಿ ಕಾಯಿದೆಯು ಏಜೆನ್ಸಿಗಳ ಅಧಿಕಾರವನ್ನು ಮೊಟಕುಮಾಡಿತು. 1970ರ ಏಪ್ರಿಲ್ 3ರಿಂದ ಆ ಪದ್ಧತಿ ಸಂಪೂರ್ಣವಾಗಿ ರದ್ದಾಯಿತು. ಹೀಗೆ ತೆರವಾದ ಸ್ಥಾನಕ್ಕೆ ಎರಡು ಬಗೆಯ ಜನ ಬೇಕಾದರು: ಕಾಯಿದೆಯ ಕಾಗದಪತ್ರಗಳನ್ನು ನೋಡಿಕೊಳ್ಳುವವರು, ವ್ಯವಹಾರವನ್ನು ನಡೆಸುವವರು.

ಮೊದಲನೆಯವರಿಗಾಗಿ 1968ರಲ್ಲಿ ಕಂಪನಿ ಕಾರ್ಯದರ್ಶಿಗಳ ಸಂಸ್ಥೆ ಸ್ಥಾಪಿತವಾಯಿತು. 1974ರ ತಿದ್ದುಪಡಿಯು, 25 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಪಾವತಿಯಾದ ಬಂಡವಾಳವುಳ್ಳ ಕಂಪನಿಗಳಲ್ಲಿ ಪೂರ್ಣಾವಧಿಯ ಕಾರ್ಯದರ್ಶಿ ಇರಲೇಬೇಕೆಂದು ವಿಧಿಸಿತು. 1980ರಲ್ಲಿ ಸಂಸ್ಥೆಗೆ ಪ್ರತ್ಯೇಕ ಕಾಯಿದೆಯೂ ಬಂದಿತು.

ಎರಡನೆಯವರ ವಿಷಯ ಬೇರೆ. ಕಲ್ಕತ್ತೆಯಲ್ಲಿ 1953ರಲ್ಲಿ ಆರಂಭವಾದ ಸಮಾಜ ಕಲ್ಯಾಣ ಮತ್ತು ವ್ಯವಹಾರ ನಿರ್ವಹಣೆಯ ಸಂಸ್ಥೆಯೂ, 1961ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದುಗಳಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಗಳೂ ಅಮೆರಿಕದ ಮಾದರಿಯನ್ನು ಇಲ್ಲಿಗೆ ತಂದವು. ಆದರೆ ವ್ಯವಸ್ಥಾಪಕನು ಇಂಥ ಪದವಿ ಪಡೆದಿರಬೇಕೆಂದು ಯಾವ ಕಾಯಿದೆಯೂ ಹೇಳಲಿಲ್ಲ. ಅವನ ರುಜುವಿಗೆ ಕಾಯಿದೆಯ ಬೆಲೆಯಿಲ್ಲ. ಇರುವುದೆಲ್ಲ ಪೇಟೆಯ ಬೆಲೆ. ಭಾರತೀಯ ನಿರ್ವಹಣಾ ಸಂಸ್ಥೆಗಳು 2017ರ ಕಾಯಿದೆಯ ವರೆಗೆ ಪದವಿಯನ್ನೇ ಕೊಡುವಂತಿರಲಿಲ್ಲ, ಕೊಡುತ್ತಿದ್ದುದು ಡಿಪ್ಲೊಮಾ ಮಾತ್ರ. ಆದರೂ ಉದ್ಯಮಿಗಳು ಅಲ್ಲಿಯ ಡಿಪ್ಲೊಮಾವನ್ನೇ ವಿಶ್ವವಿದ್ಯಾನಿಲಯದ ಪದವಿಗಿಂತ ಮೇಲೆಂದು ಎಣಿಸಿದರು. ಪ್ರವೇಶ ಪರೀಕ್ಷೆಯ ಜರಡಿಯನ್ನು ದಾಟಿದವನೆಂಬುದೇ ಅವರಿಗೆ ಮುಖ್ಯವಾಗಿದ್ದಿತೆಂದು ನಮ್ಮ ಅಭಿಪ್ರಾಯ. ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಬಿ.ಬಿ.ಎಂ. ಎಂಬ ಹೆಸರಿನಿಂದ ಬೆಳೆದು, ಈಚೆಗೆ ಬಿ.ಬಿ.ಎ. ಎಂದು ಕರೆಯಲ್ಪಡುತ್ತಿರುವ ಪದವಿಗೆ ಅಂಥ ಜರಡಿಯ ಬೆಂಬಲವಿಲ್ಲ. ಬಿ.ಕಾಂ. ಪಾಠಗಳಲ್ಲಿ ಲೆಕ್ಕವನ್ನು ಕೊಂಚ ತಗ್ಗಿಸಿ, ಮಾರಾಟ, ಸಿಬ್ಬಂದಿ ಮೊದಲಾದ ವಿಷಯಗಳನ್ನು ಹೆಚ್ಚಿಸಿದ ಪದವಿಯದು. ಹೆಸರು ಹೊಸದೆಂಬ ಕಾರಣಕ್ಕೆ ಇದನ್ನು ಆರಿಸಿಕೊಂಡವರು, ಮುಂದೆ ಲೆಕ್ಕಶಾಸ್ತ್ರದ ವೃತ್ತಿಪರೀಕ್ಷೆಗೆ ತಿರುಗಿದಾಗ, ತಗ್ಗಿಸಿದ ಆ ಭಾಗವನ್ನೇ ಮತ್ತೆ ಕಲಿಯಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ವಾಣಿಜ್ಯ ಪದವೀಧರರೆಲ್ಲರೂ ಲೆಕ್ಕಪರಿಶೋಧಕರೋ ಕಾರ್ಯದರ್ಶಿಗಳೋ ಆದರೇನು? ಇಲ್ಲ. ನಮ್ಮ ನಾಡಿನಲ್ಲಿ ಬಿ.ಕಾಂ. ಎಂದರೆ ಬ್ಯಾಂಕಿನ ಕೆಲಸವೆಂದೇ ಬಹುಕಾಲ ಭಾವಿಸಲಾಗಿತ್ತು. ಅದಕ್ಕೆ ಕಾರಣವೂ ಇದ್ದಿತು. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಉಡುಪಿಯಲ್ಲಿಯೂ, ಕರ್ಣಾಟಕ ಬ್ಯಾಂಕು 1924ರಲ್ಲಿ ಮಂಗಳೂರಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ 1925ರಲ್ಲಿ ಉಡುಪಿಯಲ್ಲಿಯೂ, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿಯೂ ಹುಟ್ಟಿದವು. ಊರಿನ ಪರಿಚಯ, ಮನೆತನದ ಪರಿಚಯಗಳೇ ಅಲ್ಲಿ ಹಲವರಿಗೆ ಕೆಲಸ ಕೊಡಿಸಿದವು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕೃತವಾದಾಗ ದೇಶದಲ್ಲಿ ವಾಣಿಜ್ಯ ಬ್ಯಾಂಕುಗಳ ಶಾಖೆಗಳು 8,262; 1990ರ ವೇಳೆಗೆ ಅವು ಸುಮಾರು 60,000 ಆದವು. ಇಷ್ಟು ದೊಡ್ಡ ಉದ್ಯೋಗಕ್ಷೇತ್ರವು ಹಿಂದೆಂದೂ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ತೆರೆದಿರಲಿಲ್ಲ.

ಆದರೆ ಇದೇ ಕಾಲದಲ್ಲಿ ಬ್ಯಾಂಕಿನ ನೇಮಕವು ಪರಿಚಯವನ್ನು ಬಿಟ್ಟು ಸಾರ್ವತ್ರಿಕ ಪರೀಕ್ಷೆಯ ಕಡೆಗೆ ತಿರುಗಿತು. ಅದು ನ್ಯಾಯವಾದ ಕ್ರಮವೇ. ಆ ಪರೀಕ್ಷೆ ಕೇಳಿದುದು ಜಮಾಖರ್ಚನ್ನಲ್ಲ. ಅಂಕಗಣಿತ, ತರ್ಕ, ಇಂಗ್ಲಿಷ್‌ಗಳನ್ನು. ಯಾವ ಪದವೀಧರನಾದರೂ ಕೂಡಬಹುದಾದ ಪರೀಕ್ಷೆಯಲ್ಲಿ ಬಿ.ಎಸ್‌ಸಿ. ಓದಿದವನು ಬಿ.ಕಾಂ. ಓದಿದವನಿಗಿಂತ ಮುಂದೆ ಬರಲು ಅಡ್ಡಿಯಿರಲಿಲ್ಲ. ವಾಣಿಜ್ಯ ವಿದ್ಯೆಗೆ ಅತಿದೊಡ್ಡ ಆಸರೆಯೆಂದು ಜನ ನಂಬಿದ್ದ ಉದ್ಯೋಗವೇ ಆ ವಿದ್ಯೆಯನ್ನು ಅವಶ್ಯಕವೆಂದು ಎಣಿಸಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಹೆಚ್ಚಿತೆಂದು ಬಿ.ಕಾಂ. ತರಗತಿಗಳು ತುಂಬಿದುದನ್ನು ಈ ದೃಷ್ಟಿಯಿಂದ ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಅನಂತರ ಗಣಕಯಂತ್ರ ಬಂದು ಲೆಡ್ಜರು ಬರೆಯುವ ಗುಮಾಸ್ತೆಯನ್ನೇ ಕಡಿಮೆ ಮಾಡಿತು. ಬೆಂಗಳೂರಿನಲ್ಲಿ ನೆಲೆಯುಳ್ಳ ಸಂಸ್ಥೆಯ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವು, ಹಿಂದೆ ಊರೂರುಗಳಲ್ಲಿ ಟೈಪಿಂಗ್ ಶಾಲೆಗಳಿಗಿದ್ದ ಸ್ಥಾನವನ್ನು ಪಡೆಯಿತು. 2019 ಮತ್ತು 2020ರಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಲೀನವಾಗಿ ಅವುಗಳ ಹೆಸರೂ ಅಳಿಯಿತು.

ಹಾಗಾದರೆ ರುಜುವಿನ ಹಕ್ಕುಳ್ಳ ವೃತ್ತಿಯೇ ನಿರ್ಭಯವೆಂದು ಹೇಳಬಹುದೇ? ಈಚಿನ ಕೆಲವು ಘಟನೆಗಳು ಹಾಗೆ ಹೇಳಲು ಬಿಡುವುದಿಲ್ಲ. ಕಾರ್ಯದರ್ಶಿಯ ನೇಮಕಕ್ಕೆ ಗೊತ್ತುಪಡಿಸಿದ ಬಂಡವಾಳದ ಮಿತಿಯು 25 ಲಕ್ಷದಿಂದ ಏರುತ್ತ ಬಂದು, 2009ರಲ್ಲಿ 5 ಕೋಟಿ ರೂಪಾಯಿಯಾಗಿದ್ದಿತು. 2013ರ ಹೊಸ ಕಂಪನಿ ಕಾಯಿದೆಯ ಕೆಳಗೆ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ, ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳಿಗೂ 10 ಕೋಟಿ ಬಂಡವಾಳದ ಸಾರ್ವಜನಿಕ ಕಂಪನಿಗಳಿಗೂ ಮಾತ್ರ ಈ ಕಡ್ಡಾಯ ಉಳಿಯಿತು. ಪ್ರೈವೇಟ್ ಕಂಪನಿಗಳು ಒಂದೇ ಏಟಿಗೆ ಹೊರಗಾದವು. ಮೂರು ನಾಲ್ಕು ವರ್ಷ ಓದಿ ಕೊನೆಯ ಪರೀಕ್ಷೆಯ ಹೊಸ್ತಿಲಲ್ಲಿದ್ದವರ ಗತಿಯೇನು? ಸದಸ್ಯರೂ ವಿದ್ಯಾರ್ಥಿಗಳೂ ಪ್ರತಿಭಟಿಸಿದರು. ಜೂನ್ 9ರಂದು ನಿಯಮಕ್ಕೆ ಒಂದು ಉಪನಿಯಮ ಸೇರಿ, 5 ಕೋಟಿ ಬಂಡವಾಳವುಳ್ಳ ಇತರ ಕಂಪನಿಗಳಿಗೂ ಕಾರ್ಯದರ್ಶಿ ಬೇಕೆಂದಾಯಿತು. ಸುಮಾರು ಹತ್ತು ವಾರಗಳ ಅಂತರದಲ್ಲಿ ಕೆಲಸಗಳು ಕಾಗದದ ಮೇಲೆ ಮಾಯವಾಗಿ ಮತ್ತೆ ಮೂಡಿದವು. 2020ರ ಏಪ್ರಿಲ್‌ನಿಂದ ಪ್ರೈವೇಟ್ ಕಂಪನಿಗಳ ಮಿತಿಯನ್ನು ಪುನಃ 10 ಕೋಟಿಗೆ ಏರಿಸಲಾಯಿತು.

ಸರಕು ಮತ್ತು ಸೇವಾ ತೆರಿಗೆಯ ಉದಾಹರಣೆಯೂ ಇಂಥದೇ. 2017ರ ಜುಲೈ 1ರಂದು ಆ ತೆರಿಗೆ ಜಾರಿಗೆ ಬಂದಾಗ, ನಿಗದಿಯಾದ ವಹಿವಾಟನ್ನು ಮೀರಿದ ವರ್ತಕರ ಲೆಕ್ಕಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ವೆಚ್ಚ ಲೆಕ್ಕಿಗರ ಪರಿಶೋಧನೆ ಬೇಕೆಂದು ವಿಧಿಸಲಾಗಿದ್ದಿತು. ಎರಡು ವೃತ್ತಿಗಳಿಗೂ ಸಮಾನವಾಗಿ ದೊರೆತ ಆ ರುಜು 2021ರ ತಿದ್ದುಪಡಿಯಿಂದ ರದ್ದಾಗಿ, ವರ್ತಕನೇ ದೃಢೀಕರಿಸಿದರೆ ಸಾಕೆಂದಾಯಿತು.

ಇವುಗಳಿಂದ ಹೊರಡುವ ವಿಚಾರವೆಂದರೆ, ವಿದ್ಯಾರ್ಥಿಯು ಒಂದು ಕವಲಿನ ಹೆಸರನ್ನು ಕೇಳಿದೊಡನೆ ಅದರ ಸಂಬಳವನ್ನು ವಿಚಾರಿಸುವ ಬದಲು, ಆ ವೃತ್ತಿಯವರ ರುಜುವನ್ನು ಕೇಳುವ ಕಲಮು ಯಾವುದು, ಅದರ ಮಿತಿ ಎಷ್ಟು, ಆ ಮಿತಿ ಎಷ್ಟು ಸಲ ಬದಲಾಗಿದೆಯೆಂದು ವಿಚಾರಿಸಬೇಕು. ಮಿತಿಯನ್ನು ಸಂಸತ್ತು ಬದಲಿಸಬೇಕೋ, ಇಲಾಖೆಯ ಒಂದು ಅಧಿಸೂಚನೆ ಸಾಕೋ ಎಂಬುದು ಇನ್ನೂ ಮುಖ್ಯ. ಕಲಮು ಹೋದರೂ ಕೈಯಲ್ಲಿ ಉಳಿಯುವ ವಿದ್ಯೆ ಎಷ್ಟೆಂಬುದನ್ನೂ ನೋಡಬೇಕು. ವೆಚ್ಚ ಲೆಕ್ಕಿಗನಿಗೆ 1965ಕ್ಕೆ ಮೊದಲೂ ಕಾರ್ಖಾನೆಯಲ್ಲಿ ಕೆಲಸವಿದ್ದಿತು. ರುಜುವಿಲ್ಲದೆಯೂ ಅವನ ವಿದ್ಯೆಗೆ ಬೆಲೆಯಿದ್ದುದೇ ಅದಕ್ಕೆ ಕಾರಣ. ನಮ್ಮ ಕಾಲೇಜುಗಳಲ್ಲಿ ಕಂಪನಿ ಕಾಯಿದೆಯನ್ನು ಕಲಮುಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುತ್ತೇವೆ. ಆ ಕಲಮುಗಳೇ ತಮ್ಮ ಉದ್ಯೋಗದ ತಾಯಿಬೇರೆಂದು ವಿದ್ಯಾರ್ಥಿಗಳಿಗೆ ಹೇಳುವ ಅಧ್ಯಾಪಕರು ವಿರಳ. ಈ ಲೇಖಕನೂ ಬಹುಕಾಲ ಹೇಳಿರಲಿಲ್ಲ.

ಈ ಪ್ರಶ್ನೆ ಇನ್ನೂ ಮುಗಿದ ಚರಿತ್ರೆಯಲ್ಲ. ಆದಾಯ ತೆರಿಗೆ ಕಾಯಿದೆಯಲ್ಲಿ 1984ರಲ್ಲಿ ಸೇರಿದ ಕಲಮೊಂದು, 40 ಲಕ್ಷ ರೂಪಾಯಿಗೆ ಮೇಲ್ಪಟ್ಟ ವಹಿವಾಟುಳ್ಳ ವ್ಯಾಪಾರಗಳ ಲೆಕ್ಕವನ್ನು ‘ಅಕೌಂಟೆಂಟ್’ ಪರಿಶೋಧಿಸಬೇಕೆಂದು ಹೇಳಿತು. ಆ ಶಬ್ದದ ಅರ್ಥ ಚಾರ್ಟರ್ಡ್ ಅಕೌಂಟೆಂಟ್ ಎಂದು ಕಾಯಿದೆಯಲ್ಲಿಯೇ ನಿರೂಪಿತವಾಗಿದ್ದಿತು. ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕು ಊರುಗಳಲ್ಲಿಯೂ ಈ ವೃತ್ತಿಯವರ ಕಛೇರಿಗಳು ನೆಲೆಗೊಳ್ಳಲು ಆ ಒಂದು ಕಲಮು ಕೊಟ್ಟ ಆಧಾರ ಸಾಮಾನ್ಯವಾದುದಲ್ಲ. 1961ರ ಆ ಕಾಯಿದೆಗೆ ಬದಲಾಗಿ 2025ರಲ್ಲಿ ಹೊಸ ಮಸೂದೆ ಸಂಸತ್ತಿನ ಮುಂದೆ ಬಂದಾಗ, ವೆಚ್ಚ ಲೆಕ್ಕಿಗರ ಸಂಸ್ಥೆಯೂ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯೂ ತಮ್ಮ ಸದಸ್ಯರನ್ನು ಆ ಶಬ್ದದ ಅರ್ಥದೊಳಗೆ ಸೇರಿಸಬೇಕೆಂದು ಕೇಳಿಕೊಂಡವು. ಅದೇ ಆಗಸ್ಟಿನಲ್ಲಿ ಅಂಗೀಕೃತವಾಗಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ವಿಧಿಸಲ್ಪಟ್ಟ ಕಾಯಿದೆಯಲ್ಲಿ ‘ಅಕೌಂಟೆಂಟ್’ ಎಂಬುದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಎಂಬ ಹಳೆಯ ಅರ್ಥವೇ ಉಳಿದಿದೆ.